ಯಾವ ಕಾಲದ ಪುಣ್ಯವೋ ಎನ್ನುವ ಹಾಡು

‘ದಿ ಸೌಂಡ್ ಆಫ್ ಮ್ಯೂಸಿಕ್’ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಬೆಟ್ಟದ ಮೇಲೆ ಕೈ ಚಾಚಿ ಗಿರಗಿರ ಸುತ್ತುವ ಜೂಲಿ ಆಂಡ್ರ್ಯೂಸ್. ಇಲ್ಲಾಂದ್ರೆ ಸ್ಕೂಲ್ ಡೇಗೆ ಟೀಚರ್ ಕಲಿಸಿದ ‘ಡೋ ರೇ ಮಿ’. ನಾನು ಹೇಳಹೊರಟಿರುವುದು ಆ ಸಿನಿಮಾದಲ್ಲಿ ಕತ್ತಲೆಯಲ್ಲಿ ಮೆಲ್ಲಗೆ ಬಂದು ಹೋಗುವ ಇನ್ನೊಂದು ಹಾಡಿನ ಬಗ್ಗೆ. ಹೆಸರು ‘ಸಮ್‌ಥಿಂಗ್ ಗುಡ್’. ಬ್ರಾಡ್‌ವೇ ನಾಟಕದಲ್ಲಿ ಈ ಹಾಡು ಇರಲೇ ಇಲ್ಲ. ಸಿನಿಮಾಕ್ಕೆಂದೇ ಹೊಸದಾಗಿ ಬರೆದದ್ದು. ಬರೆದವರು ಅದುವರೆಗೂ ಇನ್ನೊಬ್ಬರ ಸಾಹಿತ್ಯಕ್ಕೆ ರಾಗ ಹಾಕಿಯೇ ಹೆಸರಾದವರು.

ನಾಟಕ ನ್ಯೂಯಾರ್ಕ್‌ನಲ್ಲಿ ತೆರೆ ಕಂಡದ್ದು 1959ರ ನವೆಂಬರ್‌ನಲ್ಲಿ. ಸಂಗೀತ ರಿಚರ್ಡ್ ರಾಜರ್ಸ್, ಸಾಹಿತ್ಯ ಆಸ್ಕರ್ ಹ್ಯಾಮರ್‌ಸ್ಟೈನ್. 1943ರ ‘ಒಕ್ಲಹೋಮಾ!’ದಿಂದ ಶುರುವಾದ ಜೋಡಿ. ಹ್ಯಾಮರ್‌ಸ್ಟೈನ್ ಅವರಿಗೆ ಆಗಲೇ ಹೊಟ್ಟೆಯ ಕ್ಯಾನ್ಸರ್. ತಾಲೀಮು ನಡೆದಿರುವಾಗಲೇ ಬರೆದ ‘ಈಡಲ್‌ವೈಸ್’ ಅವರ ಕೊನೆಯ ಹಾಡಾಯಿತು. 1960ರ ಆಗಸ್ಟ್‌ನಲ್ಲಿ ತೀರಿಕೊಂಡರು. ನಾಟಕ ಆಗಿನ್ನೂ ಹೌಸ್‌ಫುಲ್.

ನಾಲ್ಕು ವರ್ಷದ ನಂತರ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ಗಾಗಿ ನಿರ್ದೇಶಕ ರಾಬರ್ಟ್ ವೈಸ್ ಸಿನಿಮಾ ಮಾಡಲು ಕೂತಾಗ ಕೆಲವು ಹಾಡುಗಳಿಗೆ ಕತ್ತರಿ ಬಿತ್ತು. ಅದರಲ್ಲಿ ಒಂದು, ಮರಿಯಾ ಮತ್ತು ಕ್ಯಾಪ್ಟನ್ ಪ್ರೀತಿ ಹೇಳಿಕೊಳ್ಳುವ ‘ಆನ್ ಆರ್ಡಿನರಿ ಕಪಲ್’. ನಾವಿಬ್ಬರೂ ಸಾಮಾನ್ಯ ಗಂಡ ಹೆಂಡತಿಯಾಗಿ ಬಾಳೋಣ ಅನ್ನೋ ಧಾಟಿಯ ಹಾಡು. ಯೋಚನೆ ಮಾಡಿ: ಆತ ನೌಕಾಪಡೆಯ ಮಾಜಿ ಕ್ಯಾಪ್ಟನ್, ಅರಮನೆಯಂಥ ಬಂಗಲೆ, ಬಟ್ಲರು, ಏಳು ಮಕ್ಕಳು. ಈಕೆ ಸನ್ಯಾಸಿನಿಯರ ಮಠದಿಂದ ಬಂದವಳು. ಇದರಲ್ಲಿ ಸಾಮಾನ್ಯ ಯಾವುದು ಮಾರಾಯ್ರೆ! ನಾಟಕದಲ್ಲಿ ಹೇಗೋ ನಡೆದೀತು. ಕ್ಯಾಮೆರಾ ಇಬ್ಬರ ಮುಖದ ಹತ್ತಿರ ಹೋಗುವ ಸಿನಿಮಾದಲ್ಲಿ ಅದು ನಡೆಯುತ್ತಿರಲಿಲ್ಲ ಅಂತಲೇ ನನ್ನ ಅಭಿಪ್ರಾಯ.

ಹೊಸ ಹಾಡು ಬೇಕು. ಬರೆಯುವವರು ಇಲ್ಲ. ಬೇರೆ ಸಾಹಿತಿಯನ್ನು ಕರೆಸದೆ ರಾಜರ್ಸ್ ತಾವೇ ಪದಗಳನ್ನೂ ಬರೆದರು. ಒಂದಲ್ಲ, ಎರಡು: ಮರಿಯಾ ಮಠದಿಂದ ಹೊರಟು ಬಂಗಲೆಗೆ ಬರುವಾಗಿನ ‘ಐ ಹ್ಯಾವ್ ಕಾನ್ಫಿಡೆನ್ಸ್’, ಮತ್ತು ಇದು. ಹಾಗಂತ ಅವರಿಗೆ ಇದು ಮೊದಲ ಸಲವೇನೂ ಅಲ್ಲ. 1962ರಲ್ಲಿ ‘ನೋ ಸ್ಟ್ರಿಂಗ್ಸ್’ ಎಂಬ ನಾಟಕಕ್ಕೆ ಸಂಗೀತ, ಸಾಹಿತ್ಯ ಎರಡನ್ನೂ ಒಬ್ಬರೇ ಮಾಡಿದ್ದರು. ಆದರೆ ಅದು ಪೂರ್ತಿ ಅವರದೇ ಮನೆ. ಇಲ್ಲಿ ಹಾಗಲ್ಲ. ಗೆಳೆಯ ಕಟ್ಟಿಟ್ಟು ಹೋದ ಮನೆಯಲ್ಲಿ ಒಂದು ಕೋಣೆ ಒಡೆದು ಹೊಸದು ಕಟ್ಟಬೇಕು, ಅದು ಎದ್ದು ಕಾಣಲೂಬಾರದು.

ನಮ್ಮಲ್ಲಿ ಸಿನಿಮಾ ಹಾಡು ಹೆಚ್ಚಾಗಿ ಹುಟ್ಟೋದು ಹೇಗೆ ಅಂತ ನಿಮಗೆ ಗೊತ್ತು: ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ರಾಜರ್ಸ್ ಅವರ ಮೊದಲ ಜೊತೆಗಾರ ಲೊರೆಂಜ್ ಹಾರ್ಟ್ ಹೀಗೆಯೇ ಟ್ಯೂನ್‌ಗೆ ಬರೆಯುತ್ತಿದ್ದವರು. ಅವರು 1943ರಲ್ಲೇ ತೀರಿಕೊಂಡಿದ್ದರು. ಹ್ಯಾಮರ್‌ಸ್ಟೈನ್ ಜೊತೆ ಪದ್ಧತಿ ಉಲ್ಟಾ. ಅವರು ವಾರಗಟ್ಟಲೆ ತಿದ್ದಿ ತೀಡಿ ಸಾಹಿತ್ಯ ಕಳಿಸುತ್ತಿದ್ದರು, ರಾಜರ್ಸ್ ಅದಕ್ಕೆ ರಾಗ ಕೂಡಿಸುತ್ತಿದ್ದರು. ಈಗ ಆ ಕಡೆಯಿಂದ ಕಾಗದ ಬರುವುದಿಲ್ಲ.

ಬರೆದದ್ದೇನು? ಮರಿಯಾ ಹೇಳೋದು ಇಷ್ಟೇ. ನನ್ನ ಬಾಲ್ಯ ಅಂಥದ್ದೇನೂ ಚೆನ್ನಾಗಿರಲಿಲ್ಲ, ನಾನೂ ಅಂಥ ಒಳ್ಳೆಯವಳಲ್ಲ. ಆದರೂ ನೀನು ನನ್ನ ಮುಂದೆ ನಿಂತಿದ್ದೀಯ ಅಂದರೆ ಎಲ್ಲೋ ಒಂದು ಕಡೆ ನಾನು ಏನೋ ಒಳ್ಳೇದು ಮಾಡಿರಲೇಬೇಕು. ನಮ್ಮನೇಲಿ ಸಿನಿಮಾ ನೋಡುವಾಗ ಅಮ್ಮನಿಗೆ ಇದರ ಅರ್ಥ ಹೇಳಿದೆ. ‘ಅಯ್ಯೋ, ಪುಣ್ಯ ಮಾಡಿದ್ದೆ ಅಂತ ಹೇಳ್ತಿದಾಳೆ ಬಿಡು’ ಅಂದಳು. ನಾನು ಮೂರು ವಾಕ್ಯದಲ್ಲಿ ಹೇಳಿದ್ದನ್ನು ಅವಳು ಒಂದೇ ಪದದಲ್ಲಿ ಮುಗಿಸಿದಳು. ತಮಾಷೆ ಅಂದ್ರೆ, ಸನ್ಯಾಸಿನಿಯಾಗಲು ಹೊರಟಿದ್ದ ಕ್ಯಾಥೊಲಿಕ್ ಹುಡುಗಿ ದೇವರ ಕೃಪೆ ಅನ್ನಬೇಕಿತ್ತು. ಕರ್ಮಸಿದ್ಧಾಂತ ಮಾತಾಡ್ತಾಳೆ!

ಪದಗಳನ್ನು ಗಮನಿಸಿ. ಹ್ಯಾಮರ್‌ಸ್ಟೈನ್ ಬರೆದ ಹಾಡುಗಳಲ್ಲಿ ಬೆಟ್ಟ, ಹೂವು, ಮಳೆಹನಿ, ಬೆಕ್ಕಿನಮರಿ ಎಲ್ಲ ಬರುತ್ತವೆ. ರಾಜರ್ಸ್ ಹಾಡಿನಲ್ಲಿ ಒಂದು ಎಲೆಯೂ ಇಲ್ಲ. ಗೆಳೆಯನನ್ನು ಅನುಕರಿಸುವ ಗೋಜಿಗೆ ಅವರು ಹೋಗಿಲ್ಲ. ಚಿಕ್ಕ ಚಿಕ್ಕ ಪದ, ಅವೇ ನಾಲ್ಕು ಪ್ರಾಸ, ಮತ್ತೆ ಮತ್ತೆ. ಬಡ ಸಾಹಿತ್ಯ ಅಂತ ಯಾರಾದರೂ ಅಂದರೆ ನಾನು ಜಗಳ ಆಡೋಲ್ಲ. ಆದರೆ ಆ ಕ್ಷಣದಲ್ಲಿ ಮಾತು ಸಿಗದೆ ಒಂದೇ ವಿಷಯವನ್ನು ತಿರುಗಿಸಿ ತಿರುಗಿಸಿ ಹೇಳುವವರೇ ಅಲ್ವಾ ನಾವೆಲ್ಲ? ನಡುವೆ ಒಂದು ಕಡೆ, ನೀನು ನನ್ನನ್ನು ಪ್ರೀತಿಸೋದು ಸರಿಯೋ ತಪ್ಪೋ ಎಂಬ ಅಳುಕೂ ಸುಳಿಯುತ್ತದೆ. ಸ್ವಲ್ಪ ಹೊತ್ತಿನ ಮುಂಚೆಯಷ್ಟೇ ಬ್ಯಾರನೆಸ್ ಜೊತೆಗಿನ ಅವನ ಮದುವೆಯ ಮಾತು ಮುರಿದಿದೆ. ಅಳುಕು ಇರಲೇಬೇಕು.

ಚಿತ್ರೀಕರಣದ ಕತೆ ಕೇಳಿದರೆ ಈ ಗಂಭೀರ ದೃಶ್ಯ ಹೀಗೆ ಬಂತಾ ಅನ್ನಿಸುತ್ತೆ. ಮೇಲೆ ಉರಿಯುತ್ತಿದ್ದ ಕಾರ್ಬನ್ ಆರ್ಕ್ ದೀಪಗಳು, ಮುಖ ಮುಖ ಹತ್ತಿರ ಬಂದಾಗಲೇ ಹೂಸು ಬಿಟ್ಟಂಥ ಶಬ್ದ ಮಾಡುತ್ತಿದ್ದವು. ಆಂಡ್ರ್ಯೂಸ್, ಕ್ರಿಸ್ಟಫರ್ ಪ್ಲಮರ್ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಟೇಕ್ ಮೇಲೆ ಟೇಕ್. ಕೊನೆಗೆ ವೈಸ್ ಬೆಳಕು ಇಳಿಸಿ ಇಬ್ಬರನ್ನೂ ಬರೀ ನೆರಳುಗಳಾಗಿ ತೋರಿಸಿಬಿಟ್ಟರು. ಗಾಜಿನ ಮಂಟಪದಲ್ಲಿ ನೀಲಿ ಬೆಳಕಿನೆದುರು ಎರಡು ಆಕೃತಿಗಳು. ಸಿನಿಮಾದ ಅತಿ ಸುಂದರ ಶಾಟ್‌ಗಳಲ್ಲಿ ಇದೂ ಒಂದಾಯಿತು. ಇನ್ನೊಂದು ಮಾತು: ಪ್ಲಮರ್ ತುಟಿಯಾಡಿಸುತ್ತಾರಷ್ಟೇ, ಹಾಡಿದ್ದು ಬಿಲ್ ಲೀ.

ನಾಟಕವನ್ನು ಸಿನಿಮಾ ಮಾಡುವಾಗ ಹೊಸ ಹಾಡು ಸೇರಿಸೋದು ಆಸ್ಕರ್ ಆಸೆಗೆ ಅನ್ನೋ ಗೊಣಗಾಟ ಇದ್ದೇ ಇದೆ. ಸಿನಿಮಾಕ್ಕೆಂದೇ ಬರೆದ ಹಾಡಿಗೆ ಮಾತ್ರ ಆ ಪ್ರಶಸ್ತಿ ಸಿಗುವುದು. 1996ರ ‘ಎವಿಟಾ’ದಲ್ಲಿ ಮಡೊನ್ನಾ ಹಾಡಿದ ಹೊಸ ಹಾಡು ಗೆದ್ದಿತು ಕೂಡ. ‘ಸಮ್‌ಥಿಂಗ್ ಗುಡ್’ಗೆ ನಾಮನಿರ್ದೇಶನವೂ ಸಿಗಲಿಲ್ಲ. ಅದೇ ಸಿನಿಮಾ ಅತ್ಯುತ್ತಮ ಚಿತ್ರ ಸೇರಿ ಐದು ಆಸ್ಕರ್ ಬಾಚಿತು.

ಸಿಕ್ಕಿದ್ದು ಬೇರೆ. 1998ರಲ್ಲಿ ನಾಟಕ ಬ್ರಾಡ್‌ವೇಗೆ ಮರಳಿದಾಗ ‘ಆನ್ ಆರ್ಡಿನರಿ ಕಪಲ್’ ಬದಲು ಇದನ್ನೇ ಹಾಡಿದರು. ಆಮೇಲೂ ಎಷ್ಟೋ ತಂಡಗಳು ಹಾಗೇ ಮಾಡುತ್ತಿವೆ. ಹ್ಯಾಮರ್‌ಸ್ಟೈನ್ ಕೇಳದೇ ಹೋದ ಹಾಡು ಅವರದೇ ಹಾಡುಗಳ ಮಧ್ಯೆ ಕೂತಿದೆ. ಇವತ್ತು ರಾತ್ರಿ ಇಯರ್‌ಫೋನ್ ಹಾಕಿ ಒಮ್ಮೆ ಕೇಳಿ. ಆಂಡ್ರ್ಯೂಸ್ ಎಷ್ಟು ಮೆತ್ತಗೆ ಶುರು ಮಾಡ್ತಾರೆ ಅಂದರೆ, ವಾಲ್ಯೂಮ್ ಸ್ವಲ್ಪ ಜಾಸ್ತಿ ಇಟ್ಕೊಳ್ಳಬೇಕಾಗುತ್ತೆ.