ಹರಾಜಿಗೆ ಬಂದ ಮುಖಗಳು

2007ರಲ್ಲಿ ಷಿಕಾಗೊದ ಒಂದು ಹರಾಜಿನಲ್ಲಿ ಜಾನ್ ಮಲೂಫ್ ಎಂಬ ಯುವಕ ಸುಮಾರು 400 ಡಾಲರಿಗೆ ನೆಗೆಟಿವ್ ತುಂಬಿದ ಪೆಟ್ಟಿಗೆಯೊಂದನ್ನು ಕೊಂಡರು. ಪೋರ್ಟೇಜ್ ಪಾರ್ಕ್ ಬಡಾವಣೆಯ ಬಗ್ಗೆ ಪುಸ್ತಕ ಬರೆಯುತ್ತಿದ್ದ ಅವರು ಹಳೆಯ ಚಿತ್ರಗಳನ್ನು ಹುಡುಕುತ್ತಿದ್ದರು. ಬಾಡಿಗೆ ಬಾಕಿಯಾಗಿ ಹರಾಜಿಗೆ ಬಂದಿದ್ದ ಗೋದಾಮಿನ ಸಾಮಾನು ಅದು. ಪುಸ್ತಕಕ್ಕೆ ಒದಗುವ ಚಿತ್ರವೊಂದೂ ಸಿಗಲಿಲ್ಲ. ಪೆಟ್ಟಿಗೆ ಮೂಲೆ ಸೇರಿತು.

ನಿಜವಾದ ಶೋಧ ನಡೆದದ್ದು ಆಮೇಲೆ. ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುತ್ತ ಹೋದ ಹಾಗೆ ಬೀದಿಯ ಮುಖಗಳು ಮಲೂಫರನ್ನು ಹಿಡಿದುಕೊಂಡವು. ಅವರು ಆ ಚಿತ್ರಗಳನ್ನು ತೆಗೆದಂಥದೇ ಕ್ಯಾಮೆರಾ ಕೊಂಡು ಅದೇ ಬೀದಿಗಳಿಗೆ ಇಳಿದರು. ಅಂಥದೊಂದು ಚಿತ್ರ ತೆಗೆಯುವುದು ಎಷ್ಟು ಕಷ್ಟ ಎಂಬುದು ಆಗ ತಿಳಿಯಿತು. ಕೊಂಡದ್ದರ ಬೆಲೆ ಅವರಿಗೆ ಅರ್ಥವಾದದ್ದು ಹೀಗೆ, ಕಾಲು ಸವೆಸಿ. ಅಷ್ಟರಲ್ಲಿ ಕೆಲವನ್ನು ಇಂಟರ್ನೆಟ್‌ನಲ್ಲಿ ಮಾರಿಯೂ ಆಗಿತ್ತು. ಇನ್ನು ಮಾರಬೇಡಿ ಎಂದು ತಡೆದವರು ಛಾಯಾಗ್ರಾಹಕ, ವಿಮರ್ಶಕ ಆಲನ್ ಸೆಕುಲಾ. ಆ ಒಂದು ಮಾತಿಗೆ ನಾವೆಲ್ಲ ಋಣಿಗಳು.

ಚಿತ್ರ ತೆಗೆದವರು ಯಾರು? ಲಕೋಟೆಯೊಂದರ ಮೇಲೆ ವಿವಿಯನ್ ಮಾಯರ್ ಎಂಬ ಹೆಸರಿತ್ತು. 2009ರಲ್ಲಿ ಆ ಹೆಸರು ಹುಡುಕಿದಾಗ ಸಿಕ್ಕಿದ್ದು ಷಿಕಾಗೊ ಟ್ರಿಬ್ಯೂನ್‌ನ ನಿಧನವಾರ್ತೆ. ಕೆಲವೇ ದಿನಗಳ ಹಿಂದೆ, ಏಪ್ರಿಲ್ 21ರಂದು, ಆಕೆ ತೀರಿಕೊಂಡಿದ್ದರು; ವಯಸ್ಸು 83. ಪೆಟ್ಟಿಗೆ ಮಲೂಫರ ಮನೆಯಲ್ಲಿದ್ದಾಗ ಆಕೆ ಷಿಕಾಗೊದಲ್ಲೇ ಬದುಕಿದ್ದರು ಎಂಬುದು ಈ ಕತೆಯ ಆರದ ನೋವು.

ಮಾಯರ್ ಶ್ರೀಮಂತರ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ದಾದಿ. ಮಕ್ಕಳನ್ನು ಕರೆದುಕೊಂಡು ಪೇಟೆ ಸುತ್ತುತ್ತಿದ್ದರು. ಕೊರಳಲ್ಲಿ ರೋಲಿಫ್ಲೆಕ್ಸ್ ಇರುತ್ತಿತ್ತು. ಆ ಕ್ಯಾಮೆರಾವನ್ನು ಕಣ್ಣಿಗೆ ಒತ್ತಿ ಹಿಡಿಯುವುದಿಲ್ಲ. ಎದೆಯ ಕೆಳಗೆ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ಬಿಂಬ ನೋಡಬೇಕು. ತೆಗೆಯುವವರ ಮುಖ ಮರೆಯಾಗುವುದಿಲ್ಲ. ಮಸೂರ ಕೆಳಗಿನಿಂದ ನೋಡುವುದರಿಂದ ಎದುರಿನ ವ್ಯಕ್ತಿ ಎತ್ತರವಾಗಿ, ಘನವಾಗಿ ಕಾಣುತ್ತಾರೆ. ಹರಕು ಕೋಟಿನ ಮುದುಕನಿಗೂ ತುಪ್ಪಳ ಹೊದ್ದ ಸಿರಿವಂತೆಗೂ ಅವರ ಚಿತ್ರದಲ್ಲಿ ಸಿಗುವ ಘನತೆ ಒಂದೇ. ಇದಕ್ಕೆ ಯಂತ್ರವೊಂದೇ ಕಾರಣವಲ್ಲ. ಅಪರಿಚಿತರಿಗೆ ಅಷ್ಟು ಹತ್ತಿರ ಹೋಗಿ ನಿಲ್ಲುವ ಎದೆಗಾರಿಕೆ ಆಕೆಯದೇ.

ಒಟ್ಟು ಸಿಕ್ಕಿದ್ದು ಒಂದು ಲಕ್ಷಕ್ಕೂ ಹೆಚ್ಚು ನೆಗೆಟಿವ್. ಸಾವಿರಾರು ಸುರುಳಿಗಳನ್ನು ಆಕೆ ತೊಳೆಸಿಯೇ ಇರಲಿಲ್ಲ. ಬದುಕಿದ್ದಾಗ ಒಂದೂ ಪ್ರದರ್ಶನ ನಡೆಯಲಿಲ್ಲ. 2011ರಲ್ಲಿ ಷಿಕಾಗೊ ಕಲ್ಚರಲ್ ಸೆಂಟರ್ ಆ ಚಿತ್ರಗಳನ್ನು ಗೋಡೆಗೇರಿಸಿತು.

ಬೀದಿಯಲ್ಲಿ ಮುಖಗಳನ್ನು ಸೆರೆಹಿಡಿಯಬೇಕೆಂಬ ಆಸೆ ನಿಮಗಿದ್ದರೆ ಮಾಯರ್ ಅವರ ಚಿತ್ರಗಳನ್ನು ಬಿಡುವು ಮಾಡಿಕೊಂಡು ನೋಡಿ. ಆಕೆ ಎಷ್ಟು ದೂರದಲ್ಲಿ ನಿಂತಿದ್ದರು ಎಂಬುದನ್ನು ಪ್ರತಿ ಚಿತ್ರದಲ್ಲೂ ಅಂದಾಜು ಮಾಡಿ. ಆಮೇಲೆ ಕ್ಯಾಮೆರಾ ಹಿಡಿದು ಹೊರಡಿ.