ಫ್ರೀಜರ್ ಚಿಕನ್ ತರ್ತೀರಾ? ಸ್ವಲ್ಪ ಹುಷಾರು!

‘ಕಲ್ಲಿನಂಗ ಗಟ್ಟಿಯಾಗ್ಯದ, ಅದಕ್ಕೇನಾಗ್ತದ ಬಿಡ್ರಿ’ ಅಂತೀರಾ? ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಕಣ್ಣೆದುರೇ ಕತ್ತರಿಸಿ ಕೊಡುವ ಕೋಳಿ ಸಿಗುತ್ತದೆ. ಆದರೂ ಕಲಬುರಗಿಗೆ ಹೋದರೆ ಮಕ್ಕಳ ಹಟಕ್ಕೆ ಚಿಕನ್ ನಗೆಟ್ಸ್ ಪಾಕೆಟ್ ಚೀಲ ಸೇರಿಬಿಡುತ್ತದೆ, ಅಲ್ವಾ?

ಹಸಿ ಕೋಳಿಮಾಂಸದಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳು ಇರಬಹುದು. ಕೋಳಿಯ ಕರುಳಿನಲ್ಲಿರುವ ಇವು ಸ್ವಚ್ಛ ಮಾಡುವಾಗ ಮಾಂಸಕ್ಕೆ ಅಂಟುತ್ತವೆ. ಮೈನಸ್ 18 ಡಿಗ್ರಿಯಲ್ಲಿ ಅವು ಬೆಳೆಯುವುದಿಲ್ಲ, ನಿಜ. ಹಾಗಂತ ಎಲ್ಲವೂ ಸಾಯುವುದಿಲ್ಲ. ಮಾಂಸ ಬೆಚ್ಚಗಾದರೆ ಸಾಲ್ಮೊನೆಲ್ಲಾ ಮತ್ತೆ ಹೆಚ್ಚತೊಡಗುತ್ತದೆ. ಕಲಬುರಗಿಯಿಂದ ಆಳಂದಕ್ಕೋ ಜೇವರ್ಗಿಗೋ ಸುಮಾರು 40 ಕಿ.ಮೀ. ಬಸ್ ಪ್ರಯಾಣ, ಅದೂ ಮೇ ತಿಂಗಳ ಬಿಸಿಲಲ್ಲಿ! ಹಾಗಾಗಿ ಬಟ್ಟೆಬರೆ, ಕಿರಾಣಿ ಎಲ್ಲ ಮುಗಿಸಿ ಕೊನೆಗೆ ಈ ಪಾಕೆಟ್ ಕೊಳ್ಳಿ. ಐಸ್ ಹಾಕಿದ ಥರ್ಮಾಕೋಲ್ ಡಬ್ಬಿಯಲ್ಲಿ ತನ್ನಿ. ತುಂಡುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದರೆ ಅದು ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿರಬಹುದು, ಬೇಡವೇ ಬೇಡ.

ನಮ್ಮ ಚಿಕನ್ ಸಾರಿನ ಬಗ್ಗೆ ಅಷ್ಟು ಚಿಂತೆಯಿಲ್ಲ, ಅದು ಚೆನ್ನಾಗಿ ಕುದಿಯುತ್ತದೆ. ಗಂಡಾಂತರ ಇರುವುದು ನಗೆಟ್ಸ್‌ನಂಥವುಗಳಲ್ಲಿ. ಮೇಲೆ ಹೊಂಬಣ್ಣ, ಬೆಂದಂತೆಯೇ ಕಾಣುತ್ತದೆ. ಕೆಲವದರ ಒಳಗೆ ಮಾಂಸ ಇನ್ನೂ ಹಸಿ. ಕೆನಡಾದಲ್ಲಿ ಇಂಥ ತಿನಿಸಿನಿಂದ ನೂರಾರು ಜನ ಕಾಯಿಲೆ ಬಿದ್ದರು. ಕೊನೆಗೆ ಅಲ್ಲಿನ ಸರ್ಕಾರ 2019ರ ಏಪ್ರಿಲ್ 1ರಿಂದ, ಇವುಗಳಲ್ಲಿ ಸಾಲ್ಮೊನೆಲ್ಲಾ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗುವಂತೆ ಕಂಪನಿಗಳೇ ನೋಡಿಕೊಳ್ಳಬೇಕೆಂದು ಕಟ್ಟುನಿಟ್ಟು ಮಾಡಿತು. ಪಾಕೆಟ್ ಮೇಲೆ ‘ರೆಡಿ ಟು ಕುಕ್’ ಅಂತಿದ್ದರೆ ಬಿಸಿ ಮಾಡಿದರೆ ಸಾಲದು, ಬೇಯಿಸಲೇಬೇಕು. ಒಳಗಿನ ಬಿಸಿ 75 ಡಿಗ್ರಿ ಮುಟ್ಟಬೇಕು. ಥರ್ಮಾಮೀಟರ್ ಯಾರ ಮನೇಲಿದೆ ಹೇಳಿ? ಪಾಕೆಟ್ ಮೇಲೆ ಹೇಳಿದಷ್ಟು ಹೊತ್ತು ಬೇಯಿಸಿ, ದಪ್ಪನೆಯ ತುಂಡು ಮುರಿದು ನೋಡಿ. ನಡುವೆ ಗುಲಾಬಿ ಬಣ್ಣವಿದ್ದರೆ ಇನ್ನಷ್ಟು ಬೇಯಲಿ.

ಹಸಿ ಮಾಂಸದ ಪಾಕೆಟ್ಟನ್ನು ಅಡುಗೆ ಕಟ್ಟೆ ಮೇಲಿಟ್ಟು ಕರಗಿಸಬೇಡಿ. ರಾತ್ರಿಯೇ ಬಟ್ಟಲಿನಲ್ಲಿಟ್ಟು ಫ್ರಿಜ್‌ನ ಕೆಳಗಿನ ಶೆಲ್ಫಿಗೆ ಇಳಿಸಿ. ಇನ್ನು ತೊಳೆಯುವ ಮಾತು. ಅರಿಶಿನ ಹಾಕಿ ಮೂರು ಸಲ ತೊಳೆಯದೆ ನಮಗೆ ಸಮಾಧಾನವಿಲ್ಲ! ಆದರೆ ನಲ್ಲಿ ಕೆಳಗೆ ತೊಳೆದರೆ ನೀರು ಸಿಡಿದು ಪಕ್ಕದ ಕೊತ್ತಂಬರಿ, ತಟ್ಟೆಗಳಿಗೂ ರೋಗಾಣು ಹರಡುತ್ತದೆ. ತೊಳೆಯದಿರುವುದೇ ಮೇಲು. ಮಾಂಸ ಮುಟ್ಟಿದ ಕೈ, ಚಾಕು, ಮಣೆಗಳನ್ನು ಮಾತ್ರ ಸೋಪು ಹಚ್ಚಿ ತೊಳೆಯಿರಿ.

ಕರೆಂಟ್ ಹೋದಾಗ ಫ್ರೀಜರ್ ಬಾಗಿಲು ಪದೇಪದೇ ತೆಗೆಯಬೇಡಿ. ಮಾಂಸದಲ್ಲಿ ಐಸ್ ಹರಳು ಉಳಿದಿದ್ದರೆ ಪರವಾಗಿಲ್ಲ. ಮೆತ್ತಗಾಗಿ ಬೆಚ್ಚಗಾಗಿದ್ದರೆ ದುಡ್ಡಿನ ಮುಖ ನೋಡದೆ ಎಸೆಯಿರಿ.

ತಿಂದ ಆರು ಗಂಟೆಯಿಂದ ಆರು ದಿನದೊಳಗೆ ವಾಂತಿ, ಭೇದಿ, ಜ್ವರ ಶುರುವಾದರೆ ಓಆರ್‌ಎಸ್ ಕುಡಿಸಿ. ಮಲದಲ್ಲಿ ರಕ್ತ ಕಂಡರೆ, ಅಥವಾ ಕಾಯಿಲೆ ಬಿದ್ದವರು ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರಾಗಿದ್ದರೆ ತಡಮಾಡದೆ ಡಾಕ್ಟರ್ ಹತ್ತಿರ ಕರೆದೊಯ್ಯಿರಿ.