ವಾರಸುದಾರರಿಲ್ಲದವರ ವಕೀಲ

ಬೆಂಜಮಿನ್ ಫೆರೆನ್ಸ್ 2023ರ ಏಪ್ರಿಲ್ 7ರಂದು ಫ್ಲಾರಿಡಾದಲ್ಲಿ ತೀರಿಕೊಂಡಾಗ ಅವರಿಗೆ 103 ವರ್ಷ. ನ್ಯೂರೆಂಬರ್ಗ್ ವಿಚಾರಣೆಗಳಲ್ಲಿ ನಾಜಿಗಳ ವಿರುದ್ಧ ವಾದಿಸಿದ್ದ ವಕೀಲರ ಪೈಕಿ ಉಳಿದಿದ್ದ ಕೊನೆಯವರೂ ಹೋದರು ಎಂದು ಜಗತ್ತಿನ ಪತ್ರಿಕೆಗಳು ಬರೆದವು. ಎರಡನೇ ಮಹಾಯುದ್ಧದ ಸೈನಿಕ, ಹಾರ್ವರ್ಡಿನಲ್ಲಿ ಓದಿದ ವಕೀಲ, ಪತ್ನಿ ಗರ್ಟ್ರೂಡ್ ಜೊತೆ 73 ವರ್ಷ ಸಂಸಾರ ನಡೆಸಿದ ಗೃಹಸ್ಥ ಎಂಬ ಮೂರು ಗುಣಗಳನ್ನೂ ಶ್ರದ್ಧಾಂಜಲಿಗಳು ಸಾಲಾಗಿ ಪೋಣಿಸಿದವು. ಹೀಗೆ ಪೋಣಿಸಿದರೆ ಫೆರೆನ್ಸ್ ಕೈತಪ್ಪಿಹೋಗುತ್ತಾರೆ. ಸೈನ್ಯದಲ್ಲಿ ಕಂಡದ್ದೇ ಅವರ ವಕೀಲಿಕೆಯ ರೀತಿಯನ್ನು ರೂಪಿಸಿತು. ಆ ವಕೀಲಿಕೆಯ ದೊಡ್ಡ ಪಾಲು, ಅದೂ ಜನ ಮರೆತಿರುವ ಪಾಲು, ಕೊಲೆಗಾರರ ಶಿಕ್ಷೆಗಿಂತ ಹೆಚ್ಚಾಗಿ ನಿರ್ವಂಶವಾದ ಮನೆತನಗಳ ಹಕ್ಕಿಗೆ ಮೀಸಲಾಗಿತ್ತು.

1920ರಲ್ಲಿ ಟ್ರಾನ್ಸಿಲ್ವೇನಿಯಾದ ಯೆಹೂದಿ ಮನೆಯಲ್ಲಿ ಹುಟ್ಟಿ, ಕೈಗೂಸಾಗಿದ್ದಾಗಲೇ ನ್ಯೂಯಾರ್ಕ್ ಸೇರಿದವರು ಅವರು. ಕಾನೂನು ಓದುವಾಗಲೇ ಪ್ರಾಧ್ಯಾಪಕರೊಬ್ಬರಿಗೆ ಯುದ್ಧಾಪರಾಧಗಳ ಬಗ್ಗೆ ಮಾಹಿತಿ ಕಲೆಹಾಕಿಕೊಟ್ಟಿದ್ದರು. ಸೈನ್ಯ ಅದನ್ನು ಲೆಕ್ಕಕ್ಕೇ ಇಡದೆ ಅವರನ್ನು ವಿಮಾನ ಹೊಡೆದುರುಳಿಸುವ ಫಿರಂಗಿ ದಳಕ್ಕೆ ಹಾಕಿತು. (ಸರ್ಕಾರಿ ನೇಮಕಾತಿಯ ಜಾಣತನ ಎಲ್ಲ ದೇಶಗಳಲ್ಲೂ ಒಂದೇ ಇರಬೇಕು.) ಯುದ್ಧ ಮುಗಿಯುವ ಹೊತ್ತಿಗೆ ಜನರಲ್ ಪ್ಯಾಟನ್ ಅವರ ಮೂರನೇ ಸೇನೆಯ ಯುದ್ಧಾಪರಾಧ ತನಿಖೆಗೆ ವರ್ಗವಾಯಿತು. ಬುಖೆನ್‌ವಾಲ್ಡ್, ಮೌಟ್‌ಹೌಸೆನ್‌ನಂಥ ನಾಜಿ ಸೆರೆಶಿಬಿರಗಳಲ್ಲಿ ಅವರ ಕೆಲಸ ನೇರವಾಗಿ ಕಚೇರಿಗೆ ನುಗ್ಗಿ, ಸತ್ತವರ ನೋಂದಣಿ ಪುಸ್ತಕಗಳನ್ನೂ ಕಾವಲಿನವರ ಹೆಸರುಪಟ್ಟಿಗಳನ್ನೂ ಯಾರಾದರೂ ಸುಡುವ ಮೊದಲೇ ವಶಪಡಿಸಿಕೊಳ್ಳುವುದು. ಒಂದು ಶಿಬಿರದಲ್ಲಿ ಬಿಡುಗಡೆಯಾದ ಕೈದಿಗಳು ಒಬ್ಬ ಎಸ್‌ಎಸ್ ಕಾವಲಿನವನನ್ನು ಜೀವಂತ ಸುಟ್ಟದ್ದನ್ನು ಕಂಡೆ, ತಡೆಯಲು ಹೋಗಲಿಲ್ಲ ಎಂದು ಅವರು ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಸೇಡಿನ ಬಿಸಿ ಅವರಿಗೆ ಪುಸ್ತಕದ ವಿಷಯವಾಗಿರಲಿಲ್ಲ. ಹಾಗೆ ಸತ್ತವನ ಅಪರಾಧ ಏನಿತ್ತು, ಅವನಿಗೆ ಆಜ್ಞೆ ಕೊಟ್ಟವರು ಯಾರು ಎಂಬುದೂ ಅವನೊಂದಿಗೇ ಬೂದಿಯಾಗುತ್ತದೆ. ಮುಂದೆ ಅವರು ಕಾಗದಪತ್ರಗಳಿಗೆ ಅಷ್ಟು ಜೋತುಬಿದ್ದದ್ದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು.

1946ರಲ್ಲಿ ಮದುವೆಯಾಗಿ, ನ್ಯೂರೆಂಬರ್ಗ್ ವಿಚಾರಣೆಗಳ ಪ್ರಾಸಿಕ್ಯೂಷನ್ ಕೆಲಸಕ್ಕೆ ಜರ್ಮನಿಗೆ ಮರಳಿದರು. ಬರ್ಲಿನ್‌ನಲ್ಲಿ ಅವರ ತಂಡದವರ ಕೈಗೆ ಐನ್‌ಸಾಟ್ಸ್‌ಗ್ರುಪೆನ್ ಎಂಬ ಕೊಲೆ ದಳಗಳ ವರದಿಗಳು ಸಿಕ್ಕವು: ಯಾವ ಊರು, ಯಾವ ದಿನ, ಎಷ್ಟು ಜನ. ಫೆರೆನ್ಸ್ ಕೂಡುವ ಯಂತ್ರದಲ್ಲಿ ಲೆಕ್ಕ ಹಾಕುತ್ತ ಹೋದರು. ಹತ್ತು ಲಕ್ಷ ದಾಟಿದಾಗ ನಿಲ್ಲಿಸಿದರು. ಅದಕ್ಕೊಂದು ಪ್ರತ್ಯೇಕ ಮೊಕದ್ದಮೆ ಆಗಬೇಕೆಂದು ಹಟ ಹಿಡಿದು, 27ನೇ ವಯಸ್ಸಿಗೆ ತಮ್ಮ ಮೊತ್ತಮೊದಲ ಕೇಸಿನಲ್ಲೇ ಮುಖ್ಯ ಪ್ರಾಸಿಕ್ಯೂಟರ್ ಆದರು. ದಳಗಳಲ್ಲಿದ್ದವರು ಸುಮಾರು 3,000; ಆರೋಪ ಹೊರಿಸಿದ್ದು 24 ಮಂದಿಯ ಮೇಲೆ. ಕಟಕಟೆಯಲ್ಲಿ ಇದ್ದದ್ದೇ ಅಷ್ಟು ಆಸನ! ಸಾಕ್ಷಿಗಳನ್ನು ಕರೆಯದೆ, ಆರೋಪಿಗಳ ಕಡೆಯವರೇ ಟೈಪು ಮಾಡಿದ ವರದಿಗಳನ್ನು ಮುಂದಿಟ್ಟು ಎರಡೇ ದಿನದಲ್ಲಿ ತಮ್ಮ ವಾದ ಮುಗಿಸಿದರು. ಮರಣದಂಡನೆಯನ್ನು ಕೇಳಲೂ ಇಲ್ಲ. 1948ರ ಏಪ್ರಿಲ್‌ನಲ್ಲಿ ಉಳಿದಿದ್ದ 22 ಆರೋಪಿಗಳೂ ತಪ್ಪಿತಸ್ಥರೆಂದು ತೀರ್ಪಾಯಿತು. 14 ಮಂದಿಗೆ ಗಲ್ಲು ವಿಧಿಸಿದರೂ ಏರಿದವರು ನಾಲ್ವರು. 1958ರ ಹೊತ್ತಿಗೆ ಉಳಿದವರೆಲ್ಲ ಹೊರಗಿದ್ದರು.

ಗೆದ್ದವರು ಸೋತವರಿಗೆ ಹೇಳಿದ ನ್ಯಾಯ ಇದು ಎಂಬ ಆಕ್ಷೇಪ ನಮಗೆ ಹೊಸದಲ್ಲ. ಜಪಾನಿನ ನಾಯಕರ ಮೇಲಿನ ಟೋಕಿಯೊ ವಿಚಾರಣೆಯಲ್ಲಿ ನಮ್ಮ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ ತಮ್ಮ ಭಿನ್ನ ತೀರ್ಪಿನಲ್ಲಿ ಅದನ್ನು ವಿಸ್ತಾರವಾಗಿ ಎತ್ತಿದ್ದರು. ಯುದ್ಧ ಹೂಡಿದ್ದೇ ಅಪರಾಧ ಎನ್ನುವಲ್ಲಿ ಆ ತಕರಾರಿಗೆ ತೂಕವಿದೆ. ಆದರೆ ಹೆಂಗಸರು ಮಕ್ಕಳನ್ನು ಹಳ್ಳದಂಚಿನಲ್ಲಿ ನಿಲ್ಲಿಸಿ ಗುಂಡಿಕ್ಕುವುದು ಜರ್ಮನಿಯ ಹಳೆಯ ಕಾನೂನಿನಲ್ಲೂ ಕೊಲೆಯೇ. ಫೆರೆನ್ಸ್ ಕೇಸು ಗಟ್ಟಿಯಾಗಿ ನಿಂತದ್ದು ಇಲ್ಲಿ. ಸೊರಗಿದ್ದು ಇನ್ನೊಂದು ಕಡೆ: 24 ಜನರ ವಿಚಾರಣೆ ಹತ್ತು ಲಕ್ಷ ಸಾವಿಗೆ ಉತ್ತರವಾಗಲು ಸಾಧ್ಯವೇ ಇಲ್ಲ.

ಆಮೇಲೆ ಅವರು ಊರಿಗೆ ಮರಳಿ ಹೆಸರಿನ ಫಲ ಉಣ್ಣಬಹುದಿತ್ತು. ಮರಳಲಿಲ್ಲ. 1947ರ ನವೆಂಬರಿನಲ್ಲಿ ಜರ್ಮನಿಯ ಅಮೆರಿಕನ್ ವಲಯದಲ್ಲಿ ಒಂದು ಕಾನೂನು ಬಂದಿತ್ತು. ನಾಜಿಗಳ ಕಾಲದಲ್ಲಿ ಕಿತ್ತುಕೊಂಡ ಮನೆ, ಅಂಗಡಿ, ಜಮೀನನ್ನು ಮೂಲ ಒಡೆಯರಿಗೋ ಅವರ ವಾರಸುದಾರರಿಗೋ ಹಿಂತಿರುಗಿಸಬೇಕು ಎಂಬುದು ಅದರ ಸಾರ. ಅಜ್ಜನಿಂದ ಮೊಮ್ಮಗುವಿನ ತನಕ ಇಡೀ ಮನೆಯನ್ನೇ ಕೊಂದಿದ್ದರೆ? ವಾರಸುದಾರರಿಲ್ಲದ ಆಸ್ತಿ ಸರ್ಕಾರಕ್ಕೆ ಎಂಬುದು ಎಲ್ಲೆಡೆಯ ರೂಢಿ. ನಮ್ಮ ಕಾನೂನೂ ಅದನ್ನೇ ಹೇಳುತ್ತದೆ. ಅಲ್ಲಿ ಆ ರೂಢಿಯನ್ನು ಪಾಲಿಸಿದ್ದರೆ ಎಷ್ಟು ಪೂರ್ಣವಾಗಿ ಕೊಂದರೋ ಅಷ್ಟು ಪೂರ್ಣವಾಗಿ ಆಸ್ತಿ ಕೊಂದ ನಾಡಿಗೇ ಸೇರುತ್ತಿತ್ತು. ಹಾಗಾಗದಂತೆ, ಸತ್ತವರ ಪರವಾಗಿ ವಾರಸುದಾರನ ಸ್ಥಾನದಲ್ಲಿ ನಿಂತು ದಾವೆ ಹೂಡುವ ಯೆಹೂದಿ ಸಂಸ್ಥೆಯೊಂದಕ್ಕೆ ಮಾನ್ಯತೆ ಸಿಕ್ಕಿತು. ಅದರ ಆಡಳಿತ ಫೆರೆನ್ಸ್ ಅವರ ಹೆಗಲೇರಿತು. 1948ರ ಕೊನೆಯೊಳಗೆ ಅರ್ಜಿ ಬೀಳದಿದ್ದರೆ ಹಕ್ಕೇ ಹೋಗುತ್ತಿತ್ತು. ನೋಂದಣಿ ಕಚೇರಿಗಳಲ್ಲಿ ಊರೂರಿನ ಖಾತೆ ಹುಡುಕಿಸಿ ಅರ್ಜಿಗಳನ್ನು ರಾಶಿ ರಾಶಿ ಹಾಕಿಸಿದರು. ಸಿನಿಮಾಕ್ಕೆ ಒದಗದ ಕೆಲಸ ಇದು. ಗುಮಾಸ್ತಿಕೆ ಎನ್ನಿ, ಅಡ್ಡಿಯಿಲ್ಲ. ಅವರ ನಾಲ್ಕೂ ಮಕ್ಕಳು ಹುಟ್ಟಿದ್ದು ಈ ವರ್ಷಗಳಲ್ಲೇ, ಜರ್ಮನಿಯಲ್ಲೇ. ಸಂಸಾರ ಅಮೆರಿಕಕ್ಕೆ ಮರಳಿದ್ದು 1956ರಲ್ಲಿ. ಯೆಹೂದಿ ದಂಪತಿ ಆ ನೆಲದಲ್ಲಿ ಮಕ್ಕಳನ್ನು ಹೆತ್ತು ಸಾಕುತ್ತಿರುವಾಗಲೇ, ಮಕ್ಕಳುಳಿಯದ ಮನೆಗಳ ಪರ ಗಂಡ ಅರ್ಜಿ ಬರೆಯುತ್ತಿದ್ದರು.

1952ರ ಲಕ್ಸೆಂಬರ್ಗ್ ಒಪ್ಪಂದದ ಮಾತುಕತೆಯಲ್ಲೂ ಫೆರೆನ್ಸ್ ಇದ್ದರು. ಪಶ್ಚಿಮ ಜರ್ಮನಿ ಇಸ್ರೇಲಿಗೆ 300 ಕೋಟಿ ಮಾರ್ಕ್, ಯೆಹೂದಿ ಸಂಘಟನೆಗಳ ಒಕ್ಕೂಟಕ್ಕೆ 45 ಕೋಟಿ ಮಾರ್ಕ್ ಕೊಡಲು ಒಪ್ಪಿತು. ಹೆಣದ ಮೇಲಿನ ದುಡ್ಡು ಬೇಡ ಎಂದು ಇಸ್ರೇಲಿನ ವಿರೋಧ ಪಕ್ಷವೊಂದರ ನಾಯಕ ಮೆನಾಹೆಮ್ ಬೆಗಿನ್ ಬೆಂಬಲಿಗರು ಜೆರುಸಲೇಮಿನ ಬೀದಿಗಿಳಿದಿದ್ದರು. ಇದನ್ನು ಬರೀ ರಾಜಕೀಯವೆಂದು ತಳ್ಳಿಹಾಕಲಾಗದು. ದುಡ್ಡು ಕೊಟ್ಟವನು ಲೆಕ್ಕ ಚುಕ್ತಾ ಆಯಿತೆಂದು ಬೀಗಬಹುದೆಂಬ ಭಯ ನಿಜವಾದದ್ದು. ಆದರೆ ಫೆರೆನ್ಸ್ ಕಡೆಯವರು ಇಟ್ಟ ಬೇಡಿಕೆ ಜೀವಕ್ಕೆ ಬೆಲೆ ಕಟ್ಟುವುದಾಗಿರಲಿಲ್ಲ, ಕದ್ದದ್ದು ಕದ್ದವನಲ್ಲಿ ಉಳಿಯಬಾರದು ಎಂಬುದಾಗಿತ್ತು. ತಿರಸ್ಕರಿಸಿದ್ದರೆ ಗೌರವ ಉಳಿಯುತ್ತಿತ್ತೇನೋ. ಮನೆಯೂ ಆಕ್ರಮಿಸಿಕೊಂಡವನಲ್ಲೇ ಉಳಿಯುತ್ತಿತ್ತು. ಪರಿಹಾರದ ಮಿತಿ ಫೆರೆನ್ಸ್ ಅವರಿಗೂ ಗೊತ್ತಿತ್ತು. ಕೈದಿಗಳಿಂದ ಜೀತ ಮಾಡಿಸಿಕೊಂಡ ಜರ್ಮನ್ ಕಂಪನಿಗಳು ಎಷ್ಟು ಜಿಪುಣತನದಿಂದ, ಹೊಣೆ ಒಪ್ಪಿಕೊಳ್ಳದೆ ಕಾಸು ಬಿಚ್ಚಿದವು ಎಂಬುದನ್ನು 1979ರ ತಮ್ಮ ಪುಸ್ತಕದಲ್ಲಿ ಅವರೇ ಬಯಲಿಗಿಟ್ಟಿದ್ದಾರೆ.

ಮುಂದಿನ ಅರ್ಧ ಶತಮಾನ ಕಾಯಂ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕಾಗಿ ಬರವಣಿಗೆ, ಓಡಾಟ. 1998ರಲ್ಲಿ ರೋಮ್‌ನಲ್ಲಿ ಅದರ ಕಾಯಿದೆ ಒಪ್ಪಿಗೆಯಾಗಿ 2002ರಲ್ಲಿ ಜಾರಿಗೆ ಬಂತು. ಅಮೆರಿಕ, ರಷ್ಯ, ಚೀನಾ, ಭಾರತ ಯಾವುದೂ ಅದರ ಸದಸ್ಯ ಅಲ್ಲದಿರುವಾಗ ಈ ಕೋರ್ಟು ಬಡ ದೇಶದವರನ್ನು ಹಿಡಿಯಲಷ್ಟೇ ಎಂಬ ಟೀಕೆಗೆ ಆಧಾರವಿದೆ. ಅಲ್ಲಿ ಮೊದಲು ಶಿಕ್ಷೆಯಾದವನೂ ಕಾಂಗೋದ ಥಾಮಸ್ ಲುಬಂಗಾ, 15 ತುಂಬದ ಮಕ್ಕಳನ್ನು ಸೈನಿಕರಾಗಿ ಬಳಸಿದ್ದಕ್ಕೆ. 2011ರ ಆಗಸ್ಟಿನಲ್ಲಿ ಪ್ರಾಸಿಕ್ಯೂಷನ್ ಪರ ಅಂತಿಮ ವಾದದಲ್ಲಿ ಎದ್ದುನಿಂತು ಮಾತಾಡಿದವರಲ್ಲಿ 91ರ ಫೆರೆನ್ಸ್ ಒಬ್ಬರು. ಟೀಕಾಕಾರರು ಒಂದು ವ್ಯತ್ಯಾಸವನ್ನು ಗಮನಿಸುವುದಿಲ್ಲ. ನ್ಯೂರೆಂಬರ್ಗ್ ನ್ಯಾಯಾಲಯ ಸಂತ್ರಸ್ತರಿಗೆ ಒಂದು ಪೈಸೆ ಕೊಡಿಸಲಿಲ್ಲ. ಅದಕ್ಕೆ ಫೆರೆನ್ಸ್ ಬೇರೆಯದೇ ಕಚೇರಿ ನಡೆಸಬೇಕಾಯಿತು. ಲುಬಂಗಾಗೆ 2012ರಲ್ಲಿ 14 ವರ್ಷ ಸೆರೆ ವಿಧಿಸಿದ ನ್ಯಾಯಾಲಯವೇ, 2017ರಲ್ಲಿ ಆ ಮಕ್ಕಳಿಗೂ ಅವರ ಮನೆಯವರಿಗೂ ಸಲ್ಲಬೇಕಾದ ಪರಿಹಾರಕ್ಕೆ ಅವನ ಹೊಣೆಯನ್ನು ಒಂದು ಕೋಟಿ ಡಾಲರ್ ಎಂದು ನಿಗದಿ ಮಾಡಿತು.